ರಾಣಿಗೆ ಹೋದ ಒಂಬತ್ತು ಕೋಳಿ, ನಮ್ಮನೆಗೆ ಬರಬೇಕಾದ ಆರು

ಮನೆ ಹಿಂದೆ ಆರು ಕೋಳಿ ಸಾಕೋಣ ಅಂತ ತೀರ್ಮಾನವಾಗಿ ನಾಲ್ಕು ತಿಂಗಳಾಯ್ತು. ಗೂಡು ರೆಡಿ ಇದೆ, ನರಿ ಬಾರದ ಹಾಗೆ ಬಲೆ ಹೊಡೆದಾಗಿದೆ, ಟೌನ್ ಆಫೀಸಿನ ಪರ್ಮಿಟ್ಟೂ ಬಂದಿದೆ. ಕೋಳಿ ಮಾತ್ರ ಇನ್ನೂ ಬಂದಿಲ್ಲ. ಯಾವ ತಳಿ ಅನ್ನೋದು ಇತ್ಯರ್ಥ ಆಗ್ಲೇ ಇಲ್ಲ. "ಕೋಳಿ ಅಂದ್ರೆ ಕೋಳಿ, ಅದ್ರಲ್ಲಿ ಏನ್ಲಾ ಯೋಚ್ನೆ" ಅಂತ ಮಂಡ್ಯದಿಂದ ಅವ್ವ ಫೋನಲ್ಲಿ ನಗ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಯಾವ ತಳಿ ಎಲ್ಲಿಂದ ಬಂತು ಅಂತ ಹುಡುಕ್ತಾ ಕೂತಿದ್ದೇ ತಡ, ರಾತ್ರಿಗಳು ಹೋದದ್ದೇ ಗೊತ್ತಾಗ್ಲಿಲ್ಲ. ಅದನ್ನೆಲ್ಲ ಇಲ್ಲಿ ಸುರೀತಾ ಇದ್ದೀನಿ, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ :)

ನಾನಿರೋದು ಅಮೆರಿಕಾದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ವುಸ್ಟರ್ ಅನ್ನೋ ಊರಿನ ಪಕ್ಕ. (ಬರೆಯೋದು ನೋಡಿದ್ರೆ ವೋರ್ಸೆಸ್ಟರ್ ಅಂತ ಓದ್ಬೇಕು ಅನ್ಸುತ್ತೆ, ಹಾಗೆ ಓದಿದ್ರೆ ಊರಿಗೆ ಹೊಸಬರು ಅಂತ ಗೊತ್ತಾಗಿಬಿಡುತ್ತೆ.) 2022ರಲ್ಲಿ ಶುರುವಾದ ಹಕ್ಕಿಜ್ವರದಿಂದ ಇಲ್ಲಿ ಮೂರೇ ವರ್ಷದಲ್ಲಿ ಹದಿನಾರು ಕೋಟಿಗೂ ಹೆಚ್ಚು ಕೋಳಿ ಟರ್ಕಿಗಳು ಹೋದವು. 2025ರ ಮಾರ್ಚಿನಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ 6.23 ಡಾಲರ್ ಮುಟ್ಟಿತ್ತು. ಅಂಗಡಿಗಳಲ್ಲಿ ತಲೆಗೆ ಒಂದೋ ಎರಡೋ ಡಬ್ಬ ಅಂತ ಬೋರ್ಡು. ಆಗ ನಮ್ಮ ಬೀದಿಯ ಜನರಿಗೆಲ್ಲ ಒಮ್ಮೆಲೇ ಕೋಳಿ ಸಾಕೋ ಹುಚ್ಚು ಹತ್ತಿತು. ಈ ಹುಚ್ಚು ಇದೇ ಸೀಮೆಯಲ್ಲಿ ನೂರೆಪ್ಪತ್ತೈದು ವರ್ಷದ ಹಿಂದೆಯೂ ಒಮ್ಮೆ ಬಂದು ಹೋಗಿದೆ. ಅದಕ್ಕೆ ಹೆಸರೂ ಇದೆ: ಹೆನ್ ಫೀವರ್. ಕೋಳಿ ಜ್ವರ ಅನ್ನಿ, ಆದರೆ ಜ್ವರ ಬಂದಿದ್ದು ಕೋಳಿಗಲ್ಲ, ಮನುಷ್ಯರಿಗೆ.

1842ರಲ್ಲಿ ಅಫೀಮು ಯುದ್ಧ ಮುಗಿದು, ನಾನ್‌ಕಿಂಗ್ ಒಪ್ಪಂದದಲ್ಲಿ ಚೀನಾ ತನ್ನ ಬಂದರುಗಳನ್ನು ಬ್ರಿಟಿಷರಿಗೆ ತೆರೆಯಬೇಕಾಯ್ತು. ಚಹಾ ರೇಷ್ಮೆ ತುಂಬಿದ ಹಡಗುಗಳ ಜೊತೆ ಶಾಂಘೈ ಕಡೆಯ ದೊಡ್ಡ ದೊಡ್ಡ ಕೋಳಿಗಳೂ ಬಂದವು. ಯುರೋಪಿನ ಕೋಳಿ ಆಗ ನಮ್ಮ ನಾಟಿ ಕೋಳಿಯಷ್ಟೇ ಸಣ್ಣದು. ಅದರ ಪಕ್ಕದಲ್ಲಿ ಎರಡರಷ್ಟು ತೂಗೋ, ಕಾಲ್ತುದಿವರೆಗೂ ಗರಿ ಇರೋ ಈ ಪ್ರಾಣಿ ನಿಂತಾಗ ಜನ ಬೆರಗಾಗಿಬಿಟ್ರು. ಇವಕ್ಕೆ ಕೊಚಿನ್ ಅಂತ ಹೆಸರಾಯ್ತು. ಇದಕ್ಕೂ ಕೇರಳದ ಕೊಚ್ಚಿಗೂ ಸಂಬಂಧವಿಲ್ಲ. ಕೊಚಿನ್-ಚೀನಾ ಅಂದರೆ ಈಗಿನ ವಿಯೆಟ್ನಾಮಿನ ದಕ್ಷಿಣ ಭಾಗ, ಕೋಳಿ ಬಂದಿದ್ದು ಅಲ್ಲಿಂದಲೂ ಅಲ್ಲ, ಶಾಂಘೈಯಿಂದ. ಕೋಳಿಗಳ ಹೆಸರು ನಂಬಿ ಭೂಗೋಳ ಕಲಿಯೋಕೆ ಹೋಗ್ಬಾರ್ದು.

1849ರ ನವೆಂಬರಿನಲ್ಲಿ ಬಾಸ್ಟನ್ನಿನ ಪಬ್ಲಿಕ್ ಗಾರ್ಡನ್ನಿನಲ್ಲಿ ಅಮೆರಿಕಾದ ಮೊಟ್ಟಮೊದಲ ಕೋಳಿ ಪ್ರದರ್ಶನ ನಡೆಯಿತು. ಜಾನ್ ಬೆನೆಟ್ ಅನ್ನೋ ಡಾಕ್ಟರು ಅದರ ಹಿಂದಿನ ಕೈ. ಸುಮಾರು ಹತ್ತು ಸಾವಿರ ಜನ ಬಂದಿದ್ದರಂತೆ. ದೇಶದ ದೊಡ್ಡ ವಾಗ್ಮಿ, ಸೆನೆಟರ್ ಡೇನಿಯಲ್ ವೆಬ್‌ಸ್ಟರ್ ಕೂಡ ತಮ್ಮ ಕೋಳಿ ತಂದು ಪ್ರದರ್ಶನಕ್ಕೆ ಇಟ್ಟಿದ್ದರು. ಅಲ್ಲಿಂದ ಶುರುವಾಯ್ತು ನೋಡಿ. ಒಂದು ಜೋಡಿಗೆ ನೂರು ಡಾಲರಿಗೂ ಮೀರಿ ಕೊಡೋರು ಬಂದರು. ಆಗಿನ ಕೂಲಿಯವನಿಗೆ ಅದು ತಿಂಗಳುಗಟ್ಟಲೆ ದುಡಿಮೆ. 1854ರಲ್ಲಿ ಸರ್ಕಸ್ಸಿನಿಂದ ನಮಗೆಲ್ಲ ಗೊತ್ತಿರೋ ಪಿ.ಟಿ. ಬಾರ್ನಮ್ ನ್ಯೂಯಾರ್ಕಿನ ತನ್ನ ಮ್ಯೂಸಿಯಮ್ಮಿನಲ್ಲೇ ರಾಷ್ಟ್ರೀಯ ಕೋಳಿ ಪ್ರದರ್ಶನ ನಡೆಸಿದ. ಬಾರ್ನಮ್ ಕಾಲಿಟ್ಟ ಅಂದ್ಮೇಲೆ ವ್ಯವಹಾರ ಎಲ್ಲಿಗೆ ಬಂದಿತ್ತು ಅಂತ ಊಹಿಸಿ.

ಈ ಕಥೆಯ ನಾಯಕ (ಖಳನಾಯಕ ಅಂದ್ರೂ ತಪ್ಪಿಲ್ಲ) ಜಾರ್ಜ್ ಬರ್ನ್‌ಹ್ಯಾಮ್, ಬಾಸ್ಟನ್ ಹತ್ತಿರದ ಮೆಲ್ರೋಸ್ ಊರಿನವನು. ಒಳ್ಳೇ ಮಾತುಗಾರ, ಅದಕ್ಕಿಂತ ಒಳ್ಳೇ ವ್ಯಾಪಾರಿ. 1852ರ ಕೊನೆಯಲ್ಲಿ ಇವನು ಒಂಬತ್ತು ಬೂದು ಬಣ್ಣದ ಭಾರಿ ಕೋಳಿಗಳನ್ನು ಪಂಜರದಲ್ಲಿ ಹಾಕಿ ವಿಕ್ಟೋರಿಯಾ ರಾಣಿಗೆ ಕಾಣಿಕೆ ಕಳಿಸಿದ. ಲಂಡನ್ನಿನ ಸಚಿತ್ರ ಪತ್ರಿಕೆಯಲ್ಲಿ ಆ ಕೋಳಿಗಳ ಚಿತ್ರ ಬಂತು. ರಾಣಿ ತಮ್ಮ ಭಾವಚಿತ್ರವನ್ನು ಪ್ರತಿಯಾಗಿ ಕಳಿಸಿದರು. ಮುಂದೆ ಅವನ ಕೋಳಿಯ ಬೆಲೆ ಏನಾಗಿರಬಹುದು ಅಂತ ಬೇರೆ ಹೇಳ್ಬೇಕಾ? ಪುಕ್ಕಟೆ ಜಾಹೀರಾತು ಅನ್ನೋ ಮಾತು ಹುಟ್ಟೋಕ್ಕಿಂತ ಮುಂಚೆ ಆಸಾಮಿ ಅದನ್ನ ಅರೆದು ಕುಡಿದಿದ್ದ. 1855ರ ಹೊತ್ತಿಗೆ ಜ್ವರ ಇಳಿಯಿತು, ಸಾಲ ಮಾಡಿ ಕೋಳಿ ಕೊಂಡವರು ಕೈ ಸುಟ್ಟುಕೊಂಡರು. ಬರ್ನ್‌ಹ್ಯಾಮ್ ಮಾತ್ರ ಆ ಹುಚ್ಚಿನ ಬಗ್ಗೆಯೇ ಒಂದು ತಮಾಷೆ ಪುಸ್ತಕ ಬರೆದು ಮತ್ತೊಂದಿಷ್ಟು ದುಡ್ಡು ಮಾಡಿಕೊಂಡ! ಪುಸ್ತಕ ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತೆ. ಇಷ್ಟು ನಿರ್ಲಜ್ಜ, ಇಷ್ಟು ಮಜವಾದ ಪುಸ್ತಕ ನಾನು ಓದಿ ಬಹಳ ದಿನವಾಗಿತ್ತು.

ನಗೋಕೆ ಮುಂಚೆ ನಮ್ಮ ಕಡೆಯದನ್ನೂ ನೆನಪಿಸ್ಕೋಬೇಕು. ತಮಿಳುನಾಡಿನಲ್ಲಿ ಎಮು ಹಕ್ಕಿ ಸಾಕಿ ಲಕ್ಷಾಧಿಪತಿಗಳಾಗಿ ಅಂತ ನಂಬಿಸಿದ ಸ್ಕೀಮುಗಳು 2012ರಲ್ಲಿ ಕುಸಿದು ಬಿದ್ದಿದ್ದವು. ಆಮೇಲೆ ಕಡಕನಾಥ್. ಮಧ್ಯಪ್ರದೇಶದ ಝಾಬುವಾದ ಭಿಲ್ಲರ ಅಂಗಳದ ಕರಿ ಕೋಳಿ, ಮಾಂಸವೂ ಕಪ್ಪು, ಮೂಳೆಯೂ ಕಪ್ಪು. ಅದಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮರುವರ್ಷವೇ ಮಹಾರಾಷ್ಟ್ರದ ಸಾಂಗ್ಲಿ ಕೊಲ್ಲಾಪುರದ ಕಡೆ ಕಡಕನಾಥ್ ಮರಿ ಕೊಡ್ತೀವಿ, ಬೆಳೆಸಿ ಕೊಟ್ರೆ ನಾವೇ ಕೊಳ್ತೀವಿ ಅಂತ ರೈತರಿಂದ ದುಡ್ಡು ಕಟ್ಟಿಸ್ಕೊಂಡ ಹಗರಣ ಹೊರಬಿತ್ತು. ಕೋಳಿ ತಪ್ಪೇನೂ ಇಲ್ಲ, ಪಾಪ.

ಈಗ ಬರ್ನ್‌ಹ್ಯಾಮನ ಆ ಬೂದು ಕೋಳಿಗೆ ಬರ್ತೀನಿ. ನನ್ನ ಮೊದಲ ಆಯ್ಕೆ ಅದೇ ಆಗಿತ್ತು. ಅದರ ಇವತ್ತಿನ ಹೆಸರು ಬ್ರಹ್ಮ! ಹೌದು, ಅಮೆರಿಕನ್ನರ ಹಿತ್ತಲಲ್ಲಿ ಬ್ರಹ್ಮ ಕೆರೆದುಕೊಂಡು ಹುಳ ತಿನ್ತಾ ಇರ್ತಾನೆ. ಆಗ ಈ ಕೋಳಿಗೆ ಮಾರುವವನಿಗೊಂದು ಹೆಸರು, ಕೊಳ್ಳುವವನಿಗೊಂದು ಹೆಸರು: ಗ್ರೇ ಶಾಂಘೈ, ಚಿತ್ತಗಾಂಗ್, ಇನ್ನೂ ಏನೇನೋ. ಹೆಸರಿನ ಗೊಂದಲ ತಾಳಲಾರದೆ 1852ರಲ್ಲಿ ಬಾಸ್ಟನ್ನಿನ ತೀರ್ಪುಗಾರರು 'ಬ್ರಹ್ಮಪೂತ್ರ' ಅಂತ ನಿಗದಿ ಮಾಡಿದರು, ಬಾಯಲ್ಲಿ ಸವೆದು ಬ್ರಹ್ಮ ಉಳಿಯಿತು. ಬ್ರಹ್ಮಪುತ್ರಾ ನದಿ ಯಾಕೆ ಬಂತು ಅಂದರೆ, 1846ರಲ್ಲಿ ನ್ಯೂಯಾರ್ಕಿಗೆ ಬಂದ ಒಂದು ಹಡಗಿನಲ್ಲಿ ಇದರ ಮೂಲ ಜೋಡಿ ಇತ್ತು, ಅದು ಆ ನದಿ ಸಮುದ್ರ ಸೇರುವ ಕಡೆಯ ಲಕ್ಷ್ಮೀಪುರ ಬಂದರಿನಿಂದ ಬಂದಿತ್ತು, ಒಬ್ಬ ನಾವಿಕ ಹಾಗೆ ಹೇಳಿದ, ಅಂತ ಒಂದು ಹೇಳಿಕೆ. ಬರ್ನ್‌ಹ್ಯಾಮ್ ಇದನ್ನು ಗೇಲಿ ಮಾಡ್ತಾನೆ. ಎಲ್ಲಾ ಶಾಂಘೈ ಕೋಳಿಗಳೇ, ಉಳಿದದ್ದು ಬೊಗಳೆ ಅಂತ. ಇಂಗ್ಲೆಂಡಿನಲ್ಲಿ ಡಾರ್ವಿನ್ನನ ಸ್ನೇಹಿತ ಟೆಗೆಟ್‌ಮಿಯರ್ ಕೂಡ ಇದು ಭಾರತದ ತಳಿಯಲ್ಲ, ಅಮೆರಿಕಾದಲ್ಲೇ ಮಿಶ್ರವಾಗಿ ಹುಟ್ಟಿದ್ದು ಅಂದ. ಲೂಯಿಸ್ ರೈಟ್ ಅನ್ನೋ ಮತ್ತೊಬ್ಬ ಕೋಳಿ ಪಂಡಿತ ಇಲ್ಲ, ಭಾರತದ್ದೇ ಅಂತ 1870ರಲ್ಲಿ ಇದೊಂದೇ ತಳಿಯ ಮೇಲೆ ಪುಸ್ತಕ ಬರೆದ.

ನನಗೆ ಈ ಜಗಳದಲ್ಲಿ ಇಷ್ಟವಾದ ಸಾಕ್ಷಿ ಕೋಳಿಯ ತಲೆ ಮೇಲೇ ಇದೆ. ಜುಟ್ಟು. ಶಾಂಘೈ ಕಡೆಯ ಕೋಳಿಗಳಿಗೆ ನಾವು ಸಾಮಾನ್ಯವಾಗಿ ನೋಡೋ, ಗರಗಸದ ಹಾಗೆ ಎದ್ದು ನಿಂತ ಒಂಟಿ ಜುಟ್ಟು. ಬ್ರಹ್ಮನಿಗೆ ತಲೆಗೆ ಅಂಟಿಕೊಂಡ, ಮೂರು ಸಾಲಿನ ಗುಬುಟು ಗುಬುಟಾದ ಜುಟ್ಟು, ಬಟಾಣಿ ಜುಟ್ಟು ಅಂತಾರೆ. ನಮ್ಮ ಅಸೀಲ್ ಜಗಳಗಂಟ ಹುಂಜಕ್ಕೆ, ಚಿತ್ತಗಾಂಗ್ ಕಡೆಯ ಎತ್ತರದ ಮಲಯ ಕೋಳಿಗಳಿಗೆ ಇಂಥ ತಲೆಗಂಟಿದ ಜುಟ್ಟೇ. ಮುಂದೆ ಚಾಚಿದ ಹುಬ್ಬು, ಸಿಟ್ಟಿಗೆದ್ದ ಹಾಗೆ ಕಾಣೋ ಮುಖ, ಅದೂ ಆ ಕಡೆಯದೇ. ಹಾಗಾಗಿ ಮೈ ಮತ್ತು ಕಾಲ್ಗರಿ ಶಾಂಘೈಯದು, ತಲೆ ಬಂಗಾಳದ್ದು ಅನ್ನೋದು ಈಗ ಹೆಚ್ಚಿನವರು ಒಪ್ಪೋ ಮಾತು, ನನಗೂ ಸರಿ ಅನ್ಸುತ್ತೆ. ಚಿತ್ತಗಾಂಗ್ ಕೋಳಿ ಇವತ್ತಿಗೂ ಇದೆ. ನಮ್ಮ ದೇಶದ ನೋಂದಾಯಿತ ತಳಿಗಳ ಪಟ್ಟಿಯಲ್ಲಿ ಮೇಘಾಲಯ ತ್ರಿಪುರಾಗಳ ಹೆಸರಿನಲ್ಲಿದೆ.

ಜುಟ್ಟಿನ ಬಗ್ಗೆ ಇಷ್ಟೊಂದು ಯಾಕೆ ಅಂದ್ರೆ, ನನಗೆ ಅದು ಬರೀ ಇತಿಹಾಸ ಅಲ್ಲ. ಇಲ್ಲಿ ಜನವರಿ ಫೆಬ್ರವರಿಯಲ್ಲಿ ಕೆಲವು ರಾತ್ರಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೋಗುತ್ತೆ. ಒಂಟಿ ಜುಟ್ಟಿನ ಕೋಳಿಯ ಜುಟ್ಟು ಹಿಮಕ್ಕೆ ಹೆಪ್ಪುಗಟ್ಟಿ, ಕಪ್ಪಾಗಿ, ತುದಿ ಉದುರುತ್ತೆ. ತಲೆಗೆ ಅಂಟಿದ ಜುಟ್ಟಿಗೆ ಆ ಕಾಟ ಕಡಿಮೆ. ಈ ಜುಟ್ಟುಗಳ ಮೇಲೆ ಪ್ರಯೋಗ ಮಾಡಿಯೇ ಬೇಟ್ಸನ್ 1902ರಲ್ಲಿ ಮೆಂಡೆಲ್ಲನ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತೆ ಅಂತ ತೋರಿಸಿದ್ದು. ಪಿಯುಸಿ ಜೀವಶಾಸ್ತ್ರದಲ್ಲಿ ಗುಲಾಬಿ ಜುಟ್ಟು, ಬಟಾಣಿ ಜುಟ್ಟು ಎರಡೂ ಕೂಡಿದರೆ ಅಕ್ರೋಟು ಜುಟ್ಟು ಅಂತ ಬಾಯಿಪಾಠ ಮಾಡಿದ್ದು ನಿಮಗೂ ನೆನಪಿರಬಹುದು. ಬಟಾಣಿ ಜುಟ್ಟಿಗೆ ಕಾರಣವಾದ ಜೀನ್ ಯಾವುದು ಅಂತ 2009ರಲ್ಲಷ್ಟೇ ಪತ್ತೆಯಾಯ್ತು.

ಕಾಲಿನ ಬಣ್ಣದ್ದೂ ಒಂದು ಕಥೆ ಇದೆ, ಇದನ್ನ ಹೇಳ್ದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಸಾಕು ಕೋಳಿ ಬಂದಿದ್ದು ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿಯಿಂದ. ಆದರೆ ಕೆಂಪು ಕಾಡುಕೋಳಿಯ ಕಾಲು, ಚರ್ಮ ಹಳದಿ ಅಲ್ಲ. ಹಾಗಾದ್ರೆ ಅಂಗಡಿಯಲ್ಲಿ ನೇತುಹಾಕೋ ಕೋಳಿಯ ಹಳದಿ ಕಾಲು ಎಲ್ಲಿಂದ ಬಂತು? 2008ರಲ್ಲಿ ಸ್ವೀಡನ್ನಿನ ಉಪ್ಸಾಲಾದ ತಂಡ ಡಿಎನ್‌ಎ ನೋಡಿ ಹೇಳಿತು: ಬೂದು ಕಾಡುಕೋಳಿಯಿಂದ. ಅಂದರೆ ನಮ್ಮ ಪಶ್ಚಿಮ ಘಟ್ಟದಲ್ಲಿ, ಬಂಡೀಪುರ ನಾಗರಹೊಳೆಗಳಲ್ಲಿ ಬೆಳಗಿನ ಜಾವ ಕೂಗುತ್ತಲ್ಲ, ಅದೇ ಕಾಡುಕೋಳಿ! ಯಾವ ಕಾಲದಲ್ಲೋ ದಕ್ಷಿಣ ಭಾರತದ ಯಾವುದೋ ಹಟ್ಟಿಯ ಹೇಂಟೆ ಕಾಡಂಚಿಗೆ ಮೇಯೋಕೆ ಹೋಗಿದ್ದರ ಫಲ ಇವತ್ತು ಬ್ರಹ್ಮನ ಕಾಲಲ್ಲೂ ಇದೆ, ಅಮೆರಿಕಾದ ಎಲ್ಲಾ ಬ್ರಾಯ್ಲರ್ ಕಾಲಲ್ಲೂ ಇದೆ. ಇದನ್ನ ಓದಿದ ದಿನ ನಾನು ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಯಾರಿಗೂ ನನ್ನಷ್ಟು ರೋಮಾಂಚನ ಆಗಲಿಲ್ಲ :(

ಇಷ್ಟೆಲ್ಲಾ ಆದ್ಮೇಲೆ ಬ್ರಹ್ಮನನ್ನೇ ತರಬೇಕಿತ್ತು. ಆದರೆ ಲೆಕ್ಕ ಹಾಕಿದಾಗ ಹಿಂಜರಿಕೆಯಾಯ್ತು. ಹುಂಜ ಐದೂವರೆ ಕಿಲೋ, ಹೇಂಟೆ ನಾಲ್ಕು ಕಿಲೋ ಮೀರಿ. ಬೆಳೆಯೋದು ನಿಧಾನ, ತಿನ್ನೋದು ಧಾರಾಳ. ಚಳಿಗಾಲದಲ್ಲಿ ಮೊಟ್ಟೆ ಇಡೋದು ಇದರ ದೊಡ್ಡ ಗುಣ. ಆದರೆ ಮಾರ್ಚ್ ತಿಂಗಳ ಕರಗೋ ಹಿಮ, ಕೆಸರು, ಅದರಲ್ಲಿ ಆ ಗರಿತುಂಬಿದ ಕಾಲು. ಕಾಲ್ಗರಿಯಲ್ಲಿ ಕೆಸರು ಹೆಪ್ಪುಗಟ್ಟಿದ ಬ್ರಹ್ಮನನ್ನ ಬಿಸಿನೀರಲ್ಲಿ ತೊಳೆದು ಹೇರ್ ಡ್ರೈಯರ್ ಹಿಡಿಯೋ ಜನ ಇಲ್ಲಿದ್ದಾರೆ, ನನಗೆ ಆ ಪುರುಸೊತ್ತಿಲ್ಲ. ಇನ್ನೊಂದು, ಬ್ರಹ್ಮನಿಗೆ ಈಗ ಅಭಿಮಾನಿಗಳಿಗೇನೂ ಬರ ಇಲ್ಲ, ನಾನು ಸಾಕದಿದ್ದರೂ ಅವನು ಬದುಕ್ತಾನೆ.

ನಾನು ಅಪರೂಪದ ತಳಿಯನ್ನೇ ಹುಡುಕ್ತಾ ಇದ್ದಿದ್ದು. ಅದು ಅಪರೂಪ ಆಗಿದ್ದು ಯಾಕೆ ಅಂತ ತಿಳೀಬೇಕಾದ್ರೆ ಇನ್ನೊಂದು ಸ್ವಲ್ಪ ಇತಿಹಾಸ ಬೇಕು, ಬೇಗ ಹೇಳಿ ಮುಗಿಸ್ತೀನಿ. 1923ರಲ್ಲಿ ಡೆಲವೇರಿನ ಸೆಸಿಲ್ ಸ್ಟೀಲ್ ಅನ್ನೋ ಗೃಹಿಣಿ ಮೊಟ್ಟೆಗೆ ಅಂತ 50 ಮರಿ ಆರ್ಡರ್ ಮಾಡಿದರೆ ಹ್ಯಾಚರಿಯಿಂದ 500 ಬಂದವು. ವಾಪಸ್ ಕಳಿಸದೆ ಮಾಂಸಕ್ಕೆ ಬೆಳೆಸಿ ಮಾರಿ ಒಳ್ಳೇ ಲಾಭ ಮಾಡಿದಳು. ಮಾಂಸಕ್ಕೇ ಅಂತ ಕೋಳಿ ಬೆಳೆಸೋ ಉದ್ಯಮ ಅಲ್ಲಿಂದ ಶುರುವಾಯ್ತು ಅಂತಾರೆ. 1948ರಲ್ಲಿ 'ನಾಳಿನ ಕೋಳಿ' ಅಂತ ರಾಷ್ಟ್ರೀಯ ಸ್ಪರ್ಧೆಯ ಫೈನಲ್ ಅದೇ ಡೆಲವೇರಿನಲ್ಲಿ ನಡೆಯಿತು. ದಪ್ಪ ಎದೆ, ಕಡಿಮೆ ಮೇವು, ಬೇಗ ಬೆಳವಣಿಗೆ. ಗೆದ್ದದ್ದು ಕ್ಯಾಲಿಫೋರ್ನಿಯಾದ ವ್ಯಾಂಟ್ರೆಸ್ ಅನ್ನುವವನ ಕಾರ್ನಿಶ್ ಮಿಶ್ರತಳಿ. ಕಾರ್ನಿಶ್ ಯಾರು ಗೊತ್ತಾ? ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸರ್ ವಾಲ್ಟರ್ ಗಿಲ್ಬರ್ಟ್ ಅನ್ನೋ ಅಧಿಕಾರಿ 1820ರ ಸುಮಾರಿಗೆ ತನ್ನ ಊರು ಕಾರ್ನ್‌ವಾಲಿನಲ್ಲಿ ನಮ್ಮ ಅಸೀಲ್ ಹುಂಜಗಳನ್ನು ಅಲ್ಲಿನ ಜಗಳದ ಕೋಳಿಗಳಿಗೆ ಕೂಡಿಸಿ ಬೆಳೆಸಿದ ತಳಿ. ಇಂಗ್ಲೆಂಡಿನಲ್ಲಿ ಇವತ್ತಿಗೂ ಅದರ ಹೆಸರು 'ಇಂಡಿಯನ್ ಗೇಮ್'. ಜಗಳಕ್ಕೆ ಲಾಯಕ್ಕಾಗಲಿಲ್ಲ, ಎದೆ ಮಾಂಸ ಮಾತ್ರ ಬೇಕಾದಷ್ಟು. ಇವತ್ತು ಬೆಂಗಳೂರಿನ ಅಂಗಡಿಯಲ್ಲೂ ಬಾಸ್ಟನ್ನಿನ ಅಂಗಡಿಯಲ್ಲೂ ಸಿಗೋ ಫಾರಂ ಕೋಳಿಯ ತಂದೆ ಕಡೆ ಈ ಕಾರ್ನಿಶ್, ತಾಯಿ ಕಡೆ ಬಿಳಿ ಪ್ಲಿಮತ್ ರಾಕ್. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿ ಮತ್ತು 2005ರ ತಳಿ ಎರಡಕ್ಕೂ ಒಂದೇ ಮೇವು ಕೊಟ್ಟು 56 ದಿನ ಬೆಳೆಸಿ ತೂಗಿದ್ದರು: ಹಳೆಯದು 905 ಗ್ರಾಂ, ಹೊಸದು 4,202 ಗ್ರಾಂ. ಇಂಥ ಕೋಳಿ ಎದುರಿಗಿರುವಾಗ ಆರು ತಿಂಗಳು ಮೇಯುವ ಹಿತ್ತಿಲ ಕೋಳಿಯನ್ನು ಯಾರು ಸಾಕ್ತಾರೆ? ಹೀಗೆ ಒಂದೊಂದೇ ತಳಿ ಹೋಯ್ತು.

ಉಳಿದದ್ದನ್ನು ಲೆಕ್ಕ ಇಡೋಕೆ 1977ರಲ್ಲಿ ಇಲ್ಲಿ ಒಂದು ಸಂಸ್ಥೆ ಹುಟ್ಟಿತು, ಈಗಿನ ಹೆಸರು ಲೈವ್‌ಸ್ಟಾಕ್ ಕನ್ಸರ್ವೆನ್ಸಿ. ಯಾವುದಕ್ಕೆ ಪಾರಂಪರಿಕ ಕೋಳಿ ಅನ್ನಬಹುದು ಅಂತ ಅವರು 2009ರಲ್ಲಿ ವ್ಯಾಖ್ಯೆಯನ್ನೂ ಕೊಟ್ಟರು: ಇಪ್ಪತ್ತನೇ ಶತಮಾನದ ನಡುವಿಗಿಂತ ಮೊದಲೇ ಮಾನ್ಯತೆ ಪಡೆದ ತಳಿ ಆಗಿರಬೇಕು, ತಾನಾಗೇ ಕೂಡಿ ಮರಿ ಮಾಡಬೇಕು, ಹೇಂಟೆ ಐದರಿಂದ ಏಳು ವರ್ಷ ಹೊರಗೆ ಗಟ್ಟಿಮುಟ್ಟಾಗಿ ಬಾಳಬೇಕು, ಹದಿನಾರು ವಾರಕ್ಕಿಂತ ಮೊದಲು ಮಾರುವ ತೂಕಕ್ಕೆ ಬರಬಾರದು. ನಮ್ಮ ಅವ್ವನ ಕುಕ್ಕೆಯ ಕೆಳಗಿನ ಎಲ್ಲಾ ಕೋಳಿಗಳೂ ಮೊದಲನೇ ಷರತ್ತು ಬಿಟ್ಟರೆ ಫಸ್ಟ್ ಕ್ಲಾಸಲ್ಲಿ ಪಾಸು. ಅವಕ್ಕೆ ತಳಿಯ ಹೆಸರೇ ಇಲ್ಲ. ಕರ್ನಾಟಕದ ಗಡಿ ಮುಟ್ಟೋ ನೋಂದಾಯಿತ ತಳಿ ಅಂದರೆ ಘಾಗಸ್, ಆಂಧ್ರ ಗಡಿಯ ಕೋಲಾರದ ಕಡೆ ಅಲೆಮಾರಿಗಳು ಸಾಕಿಕೊಂಡು ಬಂದದ್ದು. ಕೋಲಾರದವರನ್ನು ಕೇಳಿದರೆ ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿರುತ್ತೋ! ಹೆಬ್ಬಾಳದಲ್ಲಿ ಮಾಡಿದ ಗಿರಿರಾಜನ ಹೆಸರು ಮಾತ್ರ ಎಲ್ಲರಿಗೂ ಗೊತ್ತು.

ಆ ಪಟ್ಟಿ ಹಿಡಿದು ಒಂದೊಂದೇ ನೋಡಿದೆ. ಡಾರ್ಕಿಂಗ್: ಐದು ಬೆರಳಿನ ಕೋಳಿ. ರೋಮಿನ ಕೊಲುಮೆಲ್ಲಾ ಒಂದನೇ ಶತಮಾನದಲ್ಲೇ ಐದು ಬೆರಳಿನ ಹೇಂಟೆಯನ್ನು ಹೊಗಳಿ ಬರೆದಿದ್ದಾನೆ. ಗಿಡ್ಡ ಕಾಲು, ದೊಡ್ಡ ಒಂಟಿ ಜುಟ್ಟು, ಇಲ್ಲಿನ ಹಿಮಕ್ಕೆ ಆಗದು. ಬಕ್‌ಐ: ಒಹಾಯೋದ ವಾರೆನ್ ಊರಿನ ನೆಟ್ಟಿ ಮೆಟ್‌ಕಾಫ್ ಅನ್ನೋ ಹೆಂಗಸು 1890ರ ದಶಕದಲ್ಲಿ ತಾನೇ ಕೂಡಿಸಿ ಮಾಡಿದ್ದು. ಅಮೆರಿಕಾದ ತಳಿಗಳಲ್ಲಿ ಹೆಂಗಸೊಬ್ಬಳು ರೂಪಿಸಿದ್ದು ಇದೊಂದೇ. ಬಟಾಣಿ ಜುಟ್ಟು, ಕೆಂಗಂದು ಬಣ್ಣ, ಇಲಿ ಹಿಡಿಯೋದರಲ್ಲಿ ಬೆಕ್ಕಿಗೆ ಸಮ ಅಂತ ಹೆಸರು. ಹೆಂಡತಿಗೆ ಇದರ ಮೇಲೇ ಮನಸ್ಸಾಗಿತ್ತು, ಇಲಿ ವಿಷಯ ಓದೋವರೆಗೂ. ಹಿಡಿದ ಇಲಿಯನ್ನ ತಿನ್ನುತ್ತೆ ಅಂದ್ಮೇಲೆ ಅದರ ಮೊಟ್ಟೆ ಬೇಡವಂತೆ. ದಾವಣಗೆರೆಯ ಲಿಂಗಾಯತರ ಮನೆಯವಳು, ಮೊಟ್ಟೆಯವರೆಗೆ ಬಂದಿರೋದೇ ದೊಡ್ಡದು :) ಜಾವಾ: ಹೆಸರಿಗೆ ಜಾವಾ ದ್ವೀಪ, ಬೆಳೆದದ್ದು ಅಮೆರಿಕಾದಲ್ಲಿ. ಒಳ್ಳೇ ತಳಿ, ಆದರೆ ಒಂಟಿ ಜುಟ್ಟು.

ಕೊನೆಗೆ ಕಣ್ಣು ನಿಂತಿದ್ದು ಡೊಮಿನಿಕ್ ಮೇಲೆ. ಅಮೆರಿಕಾದ ಅತ್ಯಂತ ಹಳೇ ತಳಿ ಅಂತಾರೆ. ಗಿಡುಗನ ಎದೆಯ ಹಾಗೆ ಬೂದು ಕಪ್ಪು ಪಟ್ಟೆ ಪಟ್ಟೆ, ಅದು ಪೊದೆ ನೆರಳಲ್ಲಿ ನಿಂತರೆ ಮೇಲಿನ ಗಿಡುಗನಿಗೆ ಸುಲಭಕ್ಕೆ ಕಾಣಲ್ಲ. ಗುಲಾಬಿ ಜುಟ್ಟು, ತಲೆಗೆ ಒತ್ತಿಕೊಂಡಿರುತ್ತೆ. ಹೇಂಟೆ ಎರಡೂ ಕಾಲು ಕಿಲೋ, ಹುಂಜ ಮೂರು ಚಿಲ್ಲರೆ. ತಾನೇ ಮೇದುಕೊಳ್ಳುತ್ತೆ, ಕಾವಿಗೆ ಕೂರುತ್ತೆ, ಮರಿ ಸಾಕುತ್ತೆ. ವರ್ಷಕ್ಕೆ ಇನ್ನೂರು ಮೀರಿ ಕಂದು ಮೊಟ್ಟೆ. ಮರಿಯ ತಲೆ ಮೇಲಿನ ಬಿಳಿ ಮಚ್ಚೆ ನೋಡಿ ಹೆಣ್ಣೋ ಗಂಡೋ ಹೆಚ್ಚುಕಡಿಮೆ ಹೇಳಬಹುದು.

ಇದರ ಕಥೆಯಲ್ಲಿ ನಮ್ಮ ವುಸ್ಟರ್ ಬರುತ್ತೆ! 1869ರಲ್ಲಿ ಇದೇ ವುಸ್ಟರಿನಲ್ಲಿ ಅಪ್‌ಹ್ಯಾಮ್ ಅನ್ನುವವನು ಡೊಮಿನಿಕ್ ಹುಂಜವನ್ನು ಕರಿ ಹೇಂಟೆಗಳಿಗೆ ಕೂಡಿಸಿ ಪಡೆದ ಪಟ್ಟೆ ಕೋಳಿಗಳನ್ನ ಪ್ರದರ್ಶನಕ್ಕೆ ಇಟ್ಟ. ಅವೇ ಪ್ಲಿಮತ್ ರಾಕ್. ಅಲ್ಲಿವರೆಗೆ ಡೊಮಿನಿಕ್ಕಿನಲ್ಲಿ ಗುಲಾಬಿ ಜುಟ್ಟು, ಒಂಟಿ ಜುಟ್ಟು ಎರಡೂ ಇದ್ದವು. 1870ರಲ್ಲಿ ನ್ಯೂಯಾರ್ಕಿನ ಕೋಳಿ ಸಂಘದವರು ಕೂತು ಗುಲಾಬಿ ಜುಟ್ಟಿನವು ಮಾತ್ರ ಡೊಮಿನಿಕ್, ಒಂಟಿ ಜುಟ್ಟಿನವೆಲ್ಲ ಇನ್ನು ಪ್ಲಿಮತ್ ರಾಕ್ ಅಂತ ತೀರ್ಪು ಕೊಟ್ಟರು. ಒಂದೇ ಮನೆಯ ಅಣ್ಣತಮ್ಮಂದಿರನ್ನ ಒಂದು ಸಭೆಯಲ್ಲಿ ಪಾಲು ಮಾಡಿದ ಹಾಗೆ. ದೊಡ್ಡ ಮೈಯ ಪ್ಲಿಮತ್ ರಾಕ್ ಮೆರೆಯಿತು, ಅದರ ಬಿಳಿ ಸಂತಾನವೇ ಇವತ್ತಿನ ಬ್ರಾಯ್ಲರಿನ ತಾಯಿ ಕಡೆ. ತಾಯಿಮನೆ ಡೊಮಿನಿಕ್ ಕರಗುತ್ತಾ ಹೋಗಿ 1970ರ ಹೊತ್ತಿಗೆ ಇಡೀ ದೇಶದಲ್ಲಿ ಗೊತ್ತಿದ್ದದ್ದು ನಾಲ್ಕೇ ಹಿಂಡು. ನಾಲ್ಕು ಜನ, ನಾಲ್ಕು ಹಿತ್ತಿಲು. ಈಗ ಇರೋ ಡೊಮಿನಿಕ್‌ಗಳೆಲ್ಲ ಆ ನಾಲ್ಕು ಹಿತ್ತಿಲಿಂದ ಬಂದವು.

ತಳಿ ಆಯ್ಕೆ ಆಯ್ತು ಅಂದ್ಕೊಂಡೆ. ನಿಜವಾದ ತಕರಾರು ಆಮೇಲೆ ಬಂತು. ಇಲ್ಲಿ 1918ರಿಂದ ಒಂದು ದಿನದ ಮರಿಗಳನ್ನ ಅಂಚೆಯಲ್ಲಿ ಕಳಿಸ್ತಾರೆ. ಮೊಟ್ಟೆಯೊಳಗಿನ ಹಳದಿ ಹೊಟ್ಟೆಯಲ್ಲಿರುತ್ತೆ, ಎರಡು ಮೂರು ದಿನ ನೀರು ಮೇವು ಇಲ್ಲದೆ ತಡೀತವೆ. ಆರು ಹೆಣ್ಣು ಮರಿ ಬೇಕು ಅಂತ ಆರ್ಡರ್ ಹಾಕೋಕೆ ಕೂತಾಗ ಹೆಂಡತಿ ಪಕ್ಕದಲ್ಲಿ ಬಂದು ನಿಂತಳು. "ಆರು ಹೆಣ್ಣು ನಮಗೆ ಕಳಿಸ್ತಾರೆ, ಸರಿ. ಜೊತೆಗೆ ಹುಟ್ಟಿದ ಆರು ಗಂಡು ಏನ್ಮಾಡ್ತಾರೆ ರೀ?" ಅಂದಳು. ಉತ್ತರ ನಿಮಗೆ ಗೊತ್ತಿರಬಹುದು. ಮೊಟ್ಟೆಗೆ ಅಂತ ಸಾಕೋ ಉದ್ಯಮದಲ್ಲಿ ಬೇಡದ ಗಂಡುಮರಿಗಳನ್ನ ಹುಟ್ಟಿದ ದಿನವೇ ಮುಗಿಸ್ತಾರೆ. ಆವತ್ತು ಆರ್ಡರ್ ಹಾಕಲಿಲ್ಲ.

ನಮ್ಮ ಟೌನಿನ ನಿಯಮ ನೋಡಿದರೆ ನಮ್ಮಷ್ಟು ಜಾಗ ಇರೋರು ಹುಂಜ ಇಟ್ಟುಕೊಳ್ಳೋ ಹಾಗಿಲ್ಲ, ಬೆಳಗ್ಗೆ ಕೂಗುತ್ತೆ ಅಂತ. ಅವ್ವನಿಗೆ ಇದನ್ನ ಹೇಳಿದಾಗ ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, "ಹುಂಜ ಇಲ್ದೆ, ಮರಿ ಇಲ್ದೆ, ಅದೇನ್ ಕೋಳಿ ಸಾಕದು ಕಣ್ಲಾ? ಹಬ್ಬಕ್ಕೆ ಏನ್ ಕುಯ್ತೀಯ?" ಅಂದರು. ನಗು ಬಂತು, ಆದರೆ ಅವ್ವನ ಮಾತಲ್ಲಿ ಇತಿಹಾಸ ಇದೆ. ಡೊಮಿನಿಕ್ ಆಗ್ಲಿ, ನಮ್ಮ ನಾಟಿ ಆಗ್ಲಿ, ಹಿತ್ತಿಲ ಕೋಳಿ ಉಳಿದು ಬಂದಿದ್ದೇ ಈ ಲೆಕ್ಕದಲ್ಲಿ: ಹೆಣ್ಣು ಮೊಟ್ಟೆಗೆ, ಚೆನ್ನಾಗಿರೋ ಒಂದು ಗಂಡು ಸಂತಾನಕ್ಕೆ, ಉಳಿದ ಗಂಡು ಸಾರಿಗೆ. ಆ ಮೂರನೇ ಭಾಗ ತೆಗೆದುಬಿಟ್ಟರೆ ಲೆಕ್ಕ ನಿಲ್ಲೋದಿಲ್ಲ. ಹುಂಜವಿಲ್ಲದ ಆರು ಹೇಂಟೆ ಇಟ್ಟುಕೊಂಡು ನಾನೊಂದು ತಳಿ ಉಳಿಸ್ತಾ ಇದ್ದೀನಿ ಅಂತ ಹೇಳ್ಕೊಂಡು ತಿರುಗೋದು ಬರ್ನ್‌ಹ್ಯಾಮನ ಜಾಹೀರಾತಿಗಿಂತ ಬೇರೆ ಏನಲ್ಲ.

ಇಲ್ಲಿಂದ ಒಂದು ಗಂಟೆ ದೂರದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜ ಮೂವತ್ತು ವರ್ಷದಿಂದ ಡೊಮಿನಿಕ್ ಸಾಕ್ತಾ ಇದ್ದಾರೆ. ಫೆಬ್ರವರಿಯಲ್ಲಿ ಅಲ್ಲಿಗೆ ಹೋಗಿದ್ವಿ. ಬೂಟಿಗೆ ಔಷಧಿ ನೀರು ಸವರಿಸಿ, ಬೇಲಿಯ ಆಚೆಯಿಂದಲೇ ತೋರಿಸಿದರು, ಹಕ್ಕಿಜ್ವರದ ಭಯ. ಒಂದು ಕೋಳಿಗೆ ಬಂದರೂ ಸರ್ಕಾರದವರು ಬಂದು ಇಡೀ ಹಿಂಡನ್ನ ಕೊಲ್ತಾರೆ, ಮೂವತ್ತು ವರ್ಷದ ಕೆಲಸ ಒಂದು ಮಧ್ಯಾಹ್ನಕ್ಕೆ ಹೋಗುತ್ತೆ. ಅದಕ್ಕೇ ಅವರು ಒಳ್ಳೇ ಹೇಂಟೆಗಳನ್ನ ನಾಲ್ಕೈದು ಬೇರೆ ಬೇರೆ ಮನೆಗಳಲ್ಲಿ ಇಟ್ಟಿದ್ದಾರೆ. ಇಟ್ಟುಕೊಂಡವರು ಮೊಟ್ಟೆ ತಿನ್ನಬಹುದು, ಆದರೆ ಅಜ್ಜನ ಹಿಂಡಿಗೆ ಏನಾದರೂ ಆದರೆ ಹೇಂಟೆ ವಾಪಸ್ ಕೊಡಬೇಕು, ಬೇರೆ ಯಾವ ಕೋಳಿಯನ್ನೂ ಜೊತೆಗೆ ತರಬಾರದು. ಬಾಯಿ ಮಾತಿನ ಕರಾರು. ನಮ್ಮೂರಲ್ಲಿ ಕೊಕ್ಕರೆ ರೋಗ ಬಂದು ಬೀದಿಯ ಕೋಳಿಯೆಲ್ಲ ಸತ್ತಾಗ, ಇನ್ನೊಂದು ಊರಿನ ನೆಂಟರ ಮನೆಗೆ ಹಿಂದೆ ಯಾವಾಗಲೋ ಕೊಟ್ಟಿದ್ದ ಹೇಂಟೆಯ ಮರಿ ತಂದು ಮತ್ತೆ ಶುರು ಮಾಡ್ತಿದ್ದರಲ್ಲ, ಅದೇ ಪದ್ಧತಿ.

ಗಂಡುಮರಿಗಳನ್ನ ಏನ್ಮಾಡ್ತೀರಿ ಅಂತ ಹೆಂಡತಿ ಅಲ್ಲೂ ಕೇಳಿದಳು. ಐದು ತಿಂಗಳು ಬೆಳೆಸಿ, ಒಂದೆರಡು ಆರಿಸಿಕೊಂಡು, 'ಉಳಿದವು ನಮ್ಮ ಊಟಕ್ಕೆ' ಅಂದರು ಅಜ್ಜ, ಮುಚ್ಚುಮರೆಯಿಲ್ಲದೆ. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ, "ಅವರ ಹತ್ರನೇ ತರೋಣ. ಒಂದಿನದ ಮರಿಗಿಂತ ಐದು ತಿಂಗಳು ಬಿಸಿಲಲ್ಲಿ ಓಡಾಡಿದ್ದು ಮೇಲು. ಆದ್ರೆ ನನಗೆ ಅದು ಸರಿ ಅಂತ ಮಾತ್ರ ಹೇಳಿಸ್ಬೇಡಿ" ಅಂದಳು. ನಾನು ಹೇಳಿಸೋಕೆ ಹೋಗಲಿಲ್ಲ. ಮಂಡ್ಯದ ಮಗನಿಗೂ ಈ ವಿಷಯದಲ್ಲಿ ದಾವಣಗೆರೆಯ ಮಗಳಿಗೂ ಒಂದೇ ಅಭಿಪ್ರಾಯ ಇರಬೇಕಾಗಿಲ್ಲ.

ಕಾವಿಗೆ ಕೂತಿರೋ ಹೇಂಟೆಗಳು ಮರಿ ಮಾಡಿ, ಮರಿ ದೊಡ್ಡದಾಗೋವರೆಗೆ ಕಾಯಬೇಕು. ಅಷ್ಟರಲ್ಲಿ ನಿಮ್ಮಿಂದ ಒಂದು ಸಹಾಯ ಬೇಕು. ಅವ್ವನಿಗೆ ಫೋಟೋ ಕಳಿಸಿದಾಗ "ಈ ಬಣ್ಣದ ಕೋಳಿ ನಮ್ಮಜ್ಜಿ ಮನೇಲಿತ್ತು, ಅದಕ್ಕೊಂದು ಹೆಸರಿತ್ತು, ಬಾಯಿಗೆ ಬತ್ತಿಲ್ಲ" ಅಂದರು. ಬೂದು ಮೈ, ಅಡ್ಡ ಕಪ್ಪು ಪಟ್ಟೆ. ತುಳುನಾಡಿನ ಕೋಳಿ ಅಂಕದವರ ಹತ್ತಿರ ಬಣ್ಣಕ್ಕೊಂದು ಹೆಸರಿದೆ ಅಂತ ಗೊತ್ತು, ಹಳೇ ಮೈಸೂರಿನ ಕಡೆ, ಉತ್ತರ ಕರ್ನಾಟಕದ ಕಡೆ ಈ ಪಟ್ಟೆ ಕೋಳಿಗೆ ಏನಂತಾರೆ? ನಿಮ್ಮ ಮನೆಯ ಹಿರಿಯರನ್ನ ಕೇಳಿ ಬರೆದು ತಿಳಿಸಿ. ಆರರಲ್ಲಿ ಮೊದಲನೆಯದಕ್ಕೆ ಆ ಹೆಸರೇ ಇಡೋದು ಅಂತ ಆಗಿದೆ.